ಮೂತ್ರಕೋಶ ದರ್ಶಕ ಪರೀಕ್ಷೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಹೊಲದಲ್ಲಿ ದುಡಿಯುವವರು ಬೆವರಿನ ಮೂಲಕ ಬಹಳಷ್ಟು ನೀರನ್ನು ಕಳೆದುಕೊಳ್ಳುತ್ತಾರೆ. ಮರೆಯ ಸ್ಥಳ ದೊರೆಯದೆ ಅನೇಕ ಸ್ತ್ರೀಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮೂತ್ರವನ್ನು ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಇಂತಹ ಸ್ಥಿತಿಯಲ್ಲಿ ಮೂತ್ರದ ಕಲ್ಲು, ಉರಿಮೂತ್ರ ಮೊದಲಾದ ತೊಂದರೆಗಳು ಸುಲಭವಾಗಿ ತಲೆದೋರುತ್ತವೆ. ಇದನ್ನು ಕೇವಲ ‘ಉಷ್ಣ’ವೆಂದು ಭಾವಿಸಿ ಸುಮ್ಮನಿರುವುದು ಸರಿಯಲ್ಲ. ಮೂತ್ರದಲ್ಲಿ ರಕ್ತ ಕಂಡರಂತೂ, ಅದು ಒಮ್ಮೆ ಮಾತ್ರ ಕಂಡು ನಿಂತಿದ್ದರೂ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸಲೇಬೇಕು.

ರಕ್ತಕ್ಕೆ ಕಾರಣ ಸೋಂಕು ಅಥವಾ ಕಲ್ಲು ಇರಬಹುದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತವಿರಬಹುದು. ಕೆಲವೊಮ್ಮೆ ಮೂತ್ರಕೋಶದ ಕ್ಯಾನ್ಸರ್ ಗಡ್ಡೆಯೂ ಇರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದರ ಸಂಭವ ಹೆಚ್ಚು. ಬೇಗ ಗುರುತಿಸಿದ ಗಡ್ಡೆಗೆ ಚಿಕಿತ್ಸೆ ಸುಲಭ, ತಡಮಾಡಿದರೆ ಕಷ್ಟ.

ಪರೀಕ್ಷೆ ಎಂದರೇನು?

ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದ ಕಾರಣವು ಸ್ಪಷ್ಟವಾಗದಿದ್ದಲ್ಲಿ ವೈದ್ಯರು ಸಿಸ್ಟೊಸ್ಕೋಪಿ, ಅಂದರೆ ಮೂತ್ರಕೋಶ ದರ್ಶಕ ಪರೀಕ್ಷೆಯನ್ನು ಸೂಚಿಸುತ್ತಾರೆ. ಇದು ಹೊಸ ಪ್ರಯೋಗವೇನೂ ಅಲ್ಲ. ಜರ್ಮನಿಯ ವೈದ್ಯ ಮ್ಯಾಕ್ಸಿಮಿಲಿಯನ್ ನಿಟ್ಜೆಯವರು 1877ರಲ್ಲಿಯೇ ಇಂತಹ ದೀಪವುಳ್ಳ ಉಪಕರಣವನ್ನು ಪ್ರದರ್ಶಿಸಿದ್ದರು. ಈಗಿನ ಉಪಕರಣವು ಪೆನ್ಸಿಲಿನಷ್ಟು ಅಥವಾ ಅದಕ್ಕಿಂತ ತೆಳುವಾದ ನಳಿಕೆ. ಅದರ ತುದಿಯಿಂದ ಬೆಳಕು ಬೀಳುತ್ತದೆ. ಒಳಗಿನ ದೃಶ್ಯವು ಪರದೆಯ ಮೇಲೆ ಕಾಣುತ್ತದೆ. ಮೂತ್ರ ಬರುವ ದಾರಿಯಲ್ಲಿಯೇ ನಳಿಕೆಯನ್ನು ಸೇರಿಸುವುದರಿಂದ ಹೊಟ್ಟೆಯ ಮೇಲೆ ಗಾಯವಾಗಲಿ ಹೊಲಿಗೆಯಾಗಲಿ ಇರುವುದಿಲ್ಲ.

ತಪ್ಪು ತಿಳುವಳಿಕೆ ಬೇಡ

ಈ ಪರೀಕ್ಷೆಯು ಸಂತಾನ ಶಕ್ತಿಹರಣ ಶಸ್ತ್ರಚಿಕಿತ್ಸೆ ಅಲ್ಲ. ಪುರುಷರಿಗೆ ಆ ಚಿಕಿತ್ಸೆಯನ್ನು ವೃಷಣ ಚೀಲದಲ್ಲಿರುವ ವೀರ್ಯನಾಳಗಳ ಮೇಲೆ ಮಾಡುತ್ತಾರೆ. ಸ್ತ್ರೀಯರಿಗೆ ಹೊಟ್ಟೆಯೊಳಗಿನ ಗರ್ಭನಾಳಗಳ ಮೇಲೆ ಮಾಡುತ್ತಾರೆ. ಸಿಸ್ಟೊಸ್ಕೋಪಿಯಲ್ಲಿ ಇವುಗಳನ್ನು ಮುಟ್ಟುವುದಿಲ್ಲ. ಸ್ತ್ರೀಯರಲ್ಲಿ ಮೂತ್ರದ್ವಾರ ಮತ್ತು ಹೆರಿಗೆಯ ದ್ವಾರ ಬೇರೆಬೇರೆ. ಗರ್ಭಕೋಶಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಒಳಗನ್ನು ನೋಡುವುದರಿಂದ ಗಂಡಸುತನ ಕುಂದುವುದಿಲ್ಲ, ಬಂಜೆತನ ಬರುವುದಿಲ್ಲ.

ಆದರೆ ಅದೇ ಸಮಯದಲ್ಲಿ ಬೇರೆ ಚಿಕಿತ್ಸೆಯನ್ನೂ ಮಾಡುವುದಿದ್ದರೆ ಅದರ ಪರಿಣಾಮಗಳನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಅದನ್ನು ಓದಿಸಿ ಅರ್ಥಮಾಡಿಕೊಳ್ಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಪರೀಕ್ಷೆಗೆ ಮೊದಲು

1. ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದನ್ನು ಗುಣಪಡಿಸಿಕೊಳ್ಳಬೇಕು.
2. ಸಕ್ಕರೆ ಕಾಯಿಲೆ, ಹೃದ್ರೋಗ, ಔಷಧಿಯ ಅಲರ್ಜಿ ಇದ್ದರೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ತೋರಿಸಬೇಕು. ಅದನ್ನು ತಾವಾಗಿಯೇ ನಿಲ್ಲಿಸಬಾರದು.
3. ಗರ್ಭಿಣಿಯಾಗಿದ್ದರೆ ಅಥವಾ ಮುಟ್ಟು ತಪ್ಪಿದ್ದರೆ ತಿಳಿಸಬೇಕು.
4. ಬೆನ್ನಿಗೆ ಚುಚ್ಚುಮದ್ದು ನೀಡಿ ಅಥವಾ ಪೂರ್ಣ ಅರಿವಳಿಕೆಯಲ್ಲಿ ಮಾಡುವುದಾದರೆ, ವೈದ್ಯರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ ಮೊದಲಿನಿಂದ, ಊಟ ಮಾಡಬಾರದು.

ಪರೀಕ್ಷೆಯ ವೇಳೆ

ಬಾಗುವ ನಳಿಕೆಯಾದರೆ ಮರಗಟ್ಟಿಸುವ ಜೆಲ್ಲಿ ಹಾಕಿ, ಎಚ್ಚರವಿರುವಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷೆ ಮುಗಿಸುತ್ತಾರೆ. ಮೂತ್ರಕೋಶಕ್ಕೆ ಶುದ್ಧ ದ್ರವವನ್ನು ತುಂಬುವುದರಿಂದ ಮೂತ್ರಕ್ಕೆ ಅವಸರವಾದಂತೆ ಅನಿಸುತ್ತದೆ, ಇದು ಸಹಜ. ಸಂಶಯವಿದ್ದಲ್ಲಿ ಸಣ್ಣ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಪರೀಕ್ಷೆಯ ನಂತರ

ಒಂದೆರಡು ದಿನ ಉರಿ ಮತ್ತು ತಿಳಿಗೆಂಪು ಮೂತ್ರ ಇರಬಹುದು. ವೈದ್ಯರು ನೀರಿನ ಮಿತಿ ಹೇಳಿಲ್ಲದಿದ್ದರೆ ಸಾಕಷ್ಟು ನೀರು ಕುಡಿಯಬೇಕು. ಅರಿವಳಿಕೆ ಪಡೆದವರು ಅಂದು ಮೋಟಾರ್ ಸೈಕಲ್ ನಡೆಸಬಾರದು. ಉರಿ ಮತ್ತು ರಕ್ತ ನಿಲ್ಲುವವರೆಗೆ ದಂಪತಿಗಳು ಸಮಾಗಮದಿಂದ ದೂರವಿರುವುದು ಒಳ್ಳೆಯದು. ಚೂರು ತೆಗೆದಿದ್ದರೆ ವೈದ್ಯರು ಹೇಳಿದ ಅವಧಿಯನ್ನು ಪಾಲಿಸಬೇಕು.

ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತದ ಹೆಪ್ಪುಗಳು ಹೋದರೆ ಅಥವಾ ತೀವ್ರ ನೋವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.

ಸ್ಟೆಂಟ್ ಮರೆಯಬಾರದು

ಕಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಕೆಲವರ ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ತೆಳುವಾದ ಕೊಳವೆಯನ್ನು ಇಟ್ಟಿರುತ್ತಾರೆ. ಅದನ್ನು ತೆಗೆಯುವುದೂ ಸಾಮಾನ್ಯವಾಗಿ ಇದೇ ಉಪಕರಣದಿಂದ. ನೋವು ನಿಂತಿತೆಂದು, ಅಥವಾ ಸುಗ್ಗಿಯ ಕೆಲಸವಿದೆಯೆಂದು ಅದನ್ನು ತೆಗೆಸದೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿ ಮೂತ್ರಪಿಂಡವು ಕೆಡಬಹುದು. ತೆಗೆಸಬೇಕಾದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಮೂತ್ರರೋಗ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಕಲಬುರಗಿಗೆ ಹೋಗಬೇಕಾಗುತ್ತದೆ. ಹೋಗುವಾಗ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್ ಚೀಟಿ ಮತ್ತು ಹಳೆಯ ವರದಿಗಳನ್ನು ಒಯ್ಯಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ದೊರೆಯುವ ನೆರವನ್ನು ಅಲ್ಲಿಯೇ ವಿಚಾರಿಸಿರಿ.

ಪತ್ನಿಯ ಕಾಯಿಲೆಯನ್ನು ಪತಿಯು ಹಗುರವಾಗಿ ಕಾಣಬಾರದು. ಪತಿಯು ನಾಚಿಕೆಯಿಂದ ಮುಚ್ಚಿಟ್ಟುದನ್ನು ಪತ್ನಿಯು ವಿಚಾರಿಸದೆ ಬಿಡಬಾರದು. ಒಬ್ಬರಿಗೊಬ್ಬರು ಜೊತೆಯಾಗಿ ಆಸ್ಪತ್ರೆಗೆ ಹೋದರೆ ಅರ್ಧ ಭಯ ಅಲ್ಲಿಯೇ ದೂರವಾಗುತ್ತದೆ.

ಪ್ರಶ್ನೆಗಳು

1. ಮೂತ್ರದಲ್ಲಿ ಒಮ್ಮೆ ಮಾತ್ರ ರಕ್ತ ಕಂಡರೆ ಏನು ಮಾಡಬೇಕು?
2. ಈ ಪರೀಕ್ಷೆಗೂ ಸಂತಾನ ಶಕ್ತಿಹರಣ ಶಸ್ತ್ರಚಿಕಿತ್ಸೆಗೂ ಇರುವ ವ್ಯತ್ಯಾಸವೇನು?
3. ಸ್ಟೆಂಟನ್ನು ಸಕಾಲದಲ್ಲಿ ಏಕೆ ತೆಗೆಸಬೇಕು?