ಮರುಕಳಿಸಿದ ಭಗಂದರಕ್ಕೆ ದಾರವೋ, ಲೇಸರ್ರೋ?

ಪ್ರಶ್ನೆ: ಅಣ್ಣನಿಗೆ 42 ವರ್ಷ. ದೇವದುರ್ಗದ ಹತ್ತಿರ ಹತ್ತಿ ಬೆಳೆಯುತ್ತಾನೆ. ಗುದದ್ವಾರದ ಪಕ್ಕ ಕುರು ಎದ್ದು ಒಡೆದಾಗ ಮೂಲವ್ಯಾಧಿ ಎಂದುಕೊಂಡು ಊರಲ್ಲೇ ಔಷಧಿ ಹಚ್ಚಿಸಿದ. ಆಮೇಲೆ ಆಪರೇಷನ್ ಆಯಿತು. ಆರು ತಿಂಗಳಿಗೆ ಮತ್ತೆ ಕೀವು. ಮಾನ್ವಿಯ ಬೀಗರು ದಾರ ಕಟ್ಟಿಸಿ ಅಂತಾರೆ, ಇನ್ನೊಬ್ಬರು ಲೇಸರ್ ಅಂತಾರೆ. ಯಾವುದು ಮಾಡಿಸಬೇಕು?

ಉತ್ತರ: ಲಕ್ಷಣ ನೋಡಿದರೆ ಇದು ಮೂಲವ್ಯಾಧಿಯಲ್ಲ, ಭಗಂದರ, ಅಂದರೆ ಫಿಸ್ಟುಲಾ. ಗುದನಾಳದೊಳಗಿನ ಪುಟ್ಟ ಗ್ರಂಥಿಗೆ ಸೋಂಕು ತಗುಲಿ, ಕೀವು ಮಾಂಸದಲ್ಲಿ ಸುರಂಗ ಕೊರೆದು ಚರ್ಮಕ್ಕೆ ಬಂದು ಒಡೆಯುತ್ತದೆ. ಹೊರಬಾಯಿಗೆ ಎಷ್ಟು ಮುಲಾಮು ಮೆತ್ತಿದರೂ ಒಳಬಾಯಿ ಮುಚ್ಚದು. ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವವರೇ ಹೆಚ್ಚು. ಫ್ರಾನ್ಸಿನ ದೊರೆ 14ನೇ ಲೂಯಿಯೂ 1686ರಲ್ಲಿ ಇದಕ್ಕೇ ಕತ್ತಿಗೆ ಮೈಯೊಡ್ಡಿದ್ದ!

ದಾರವೋ ಲೇಸರ್ರೋ ಎನ್ನುವುದು ಎರಡನೆಯ ಮಾತು. ಸುರಂಗವು ಮಲ ತಡೆಯುವ ಸ್ನಾಯುವನ್ನು ಎಲ್ಲಿ, ಎಷ್ಟು ದಾಟಿದೆ ಎನ್ನುವುದು ಮೊದಲು ಗೊತ್ತಾಗಬೇಕು. ಕೆಳಮಟ್ಟದ್ದಾದರೆ ಸೀಳಿ ತೆರೆದಿಟ್ಟರೆ ಸಾಕು. ಮೇಲ್ಮಟ್ಟದ್ದನ್ನು ಹಾಗೆ ಸೀಳಿದರೆ ಗಾಯವೇನೋ ಮಾಯಬಹುದು, ಮಲದ ಹಿಡಿತ ತಪ್ಪಬಹುದು. ಒಮ್ಮೆ ಮರುಕಳಿಸಿದ್ದರಿಂದ ಎಂಆರ್‌ಐ ಇಲ್ಲದೆ ಮತ್ತೆ ಕೈ ಹಾಕಿಸಬಾರದು. ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು. ಸುರಂಗದಿಂದ ತೆಗೆದ ತುಣುಕನ್ನು ಕ್ಷಯಕ್ಕೂ ಪರೀಕ್ಷಿಸಬೇಕು. ಕ್ಷಯವಿದ್ದರೆ ಮಾತ್ರೆಗಳಿಲ್ಲದೆ ಯಾವ ಆಪರೇಷನ್ನೂ ನಿಲ್ಲದು.

ಸ್ನಾಯು ಉಳಿಸುವ ದಾರಿಗಳು ಹಲವು. 2007ರಲ್ಲಿ ಬ್ಯಾಂಕಾಕಿನ ಅರುಣ್ ರೋಜನಸಕುಲ್ ಪ್ರಕಟಿಸಿದ 'ಲಿಫ್ಟ್'ನಲ್ಲಿ ಎರಡು ಸ್ನಾಯುಗಳ ನಡುವೆ ಇಳಿದು ಸುರಂಗವನ್ನು ಕಟ್ಟಿ ಕತ್ತರಿಸುತ್ತಾರೆ. ಒಳಬಾಯಿಯ ಮೇಲೆ ಕರುಳಿನ ಪದರ ಎಳೆದು ಹೊಲಿಯುವುದು ಇನ್ನೊಂದು. ಲೇಸರ್ ಸುರಂಗವನ್ನು ಒಳಗಿನಿಂದ ಸುಡುತ್ತದೆ. ಸ್ನಾಯುವಿಗೆ ಪೆಟ್ಟು ಕಡಿಮೆ, ಆದರೆ ಜಾಹೀರಾತು ಹೇಳುವಷ್ಟು ಖಾತರಿಯಿಲ್ಲ. ಅಂಟು ತುಂಬುವ ವಿಧಾನದಲ್ಲಿ ಮರುಕಳಿಸುವುದು ಹೆಚ್ಚು.

ಬೀಗರು ಹೇಳಿದ ದಾರ ಕ್ಷಾರಸೂತ್ರ, ಅಂದರೆ ಸುರಂಗದಲ್ಲಿ ತೂರಿಸಿ ಕಟ್ಟುವ ಔಷಧಿ ದಾರ. ಲಿನನ್ ದಾರಕ್ಕೆ 21 ಲೇಪ: ಮೊದಲ 11 ಬರೀ ಕಳ್ಳಿಹಾಲು, ನಂತರ 7 ಕಳ್ಳಿಹಾಲಿನ ಜೊತೆ ಉತ್ತರಾಣಿಯ ಕ್ಷಾರ, ಕೊನೆಯ 3 ಕಳ್ಳಿಹಾಲು ಮತ್ತು ಅರಿಶಿನ. ಸುಶ್ರುತನ ಕಾಲದ ಈ ದಾರದ ಚಿಕಿತ್ಸೆಗೆ ಮರುಜೀವ ಕೊಟ್ಟದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ.ಜೆ. ದೇಶಪಾಂಡೆ. 1991ರಲ್ಲಿ ಪ್ರಕಟವಾದ ಐಸಿಎಂಆರ್ ಪ್ರಯೋಗದಲ್ಲಿ ಆಪರೇಷನ್ ಗಾಯ ಸುಮಾರು 4 ವಾರಕ್ಕೆ ಮಾಯಿತು, ದಾರಕ್ಕೆ 8 ವಾರ ಹಿಡಿಯಿತು. ವರ್ಷದೊಳಗೆ ಮರುಕಳಿಸಿದ್ದು ಮಾತ್ರ ಆಪರೇಷನ್ನಿನಲ್ಲಿ ಶೇ 11, ದಾರದಲ್ಲಿ ಶೇ 4. ಎಲ್ಲ ಕ್ಲಿಷ್ಟ ಭಗಂದರಕ್ಕೂ ಇದೇ ಲೆಕ್ಕ ಹಿಡಿಯುವಂತಿಲ್ಲ. ದಾರವೂ ನಿಧಾನವಾಗಿ ಸ್ನಾಯುವನ್ನು ಕೊಯ್ಯುತ್ತದೆ.

ದಾರವನ್ನು ವಾರಕ್ಕೊಮ್ಮೆ ಬದಲಿಸಬೇಕು, ಉರಿಯೂ ಇರುತ್ತದೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ವಾರವಾರ ಬಸ್ ಹಿಡಿಯಲಾಗದವರು ನಡುವೆ ಬಿಟ್ಟುಬಿಡುತ್ತಾರೆ. ಅದನ್ನು ಮೊದಲೇ ಯೋಚಿಸಬೇಕು. ಸದ್ಯ ರಾಯಚೂರಿನ ರಿಮ್ಸ್ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ, ಹಳೆಯ ಆಪರೇಷನ್ ಕಾಗದಗಳ ಸಮೇತ ತೋರಿಸುವುದು ಒಳ್ಳೆಯದು. ದಾರ ಕಟ್ಟಿಸುವುದಾದರೆ ಆಯುರ್ವೇದದ ಶಲ್ಯತಂತ್ರದಲ್ಲಿ (ಶಸ್ತ್ರಚಿಕಿತ್ಸೆಯಲ್ಲಿ) ಎಂಎಸ್ ಓದಿದವರ ಬಳಿಯೇ ಆಗಬೇಕು, ಬೋರ್ಡು ತಗುಲಿಸಿ ಸುಡುವ ಔಷಧಿ ಚುಚ್ಚುವವರ ಬಳಿಯಲ್ಲ. ನಡುವೆ ಜ್ವರ, ಊತ, ಕೂರಲಾಗದ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಕೀವು ತೆಗೆಸಬೇಕು.