ಬೆಳ್ಳಿತೆರೆ ಮತ್ತು ವಾಕ್‌ಸ್ವಾತಂತ್ರ್ಯ

— ಅಂತಿಮ ಬಿ.ಎ. ವಿದ್ಯಾರ್ಥಿ, ಬಾಡಗಂಡಿ

ಪ್ರಜಾಪ್ರಭುತ್ವಕ್ಕೆ ವಾಕ್‌ಸ್ವಾತಂತ್ರ್ಯವೇ ಉಸಿರೆಂಬ ಮಾತನ್ನು ನಾವು ರಾಜ್ಯಶಾಸ್ತ್ರದ ವರ್ಗದಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದದ ಮೊದಲನೆಯ ಖಂಡವು ಈ ಹಕ್ಕನ್ನು ಪ್ರತಿಯೊಬ್ಬ ನಾಗರಿಕನಿಗೂ ದಯಪಾಲಿಸಿದೆ. ಎರಡನೆಯ ಖಂಡವು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮೊದಲಾದ ಕಾರಣಗಳಿಗಾಗಿ ಅದಕ್ಕೆ ಯುಕ್ತವಾದ ನಿರ್ಬಂಧಗಳನ್ನು ಹಾಕಬಹುದೆಂದು ಹೇಳುತ್ತದೆ. ಇಷ್ಟು ಎಲ್ಲರಿಗೂ ತಿಳಿದ ವಿಷಯವೇ. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಕಾದಂಬರಿ ಬರೆದವನು ಅದನ್ನು ಅಚ್ಚು ಹಾಕಿಸುವ ಮೊದಲು ಸರಕಾರದ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ಅದೇ ಕಥೆಯನ್ನು ಚಲನಚಿತ್ರವಾಗಿ ತೆಗೆದವನು ಮಾತ್ರ ಅದನ್ನು ಜನರ ಮುಂದಿಡುವುದಕ್ಕಿಂತ ಮೊದಲು ಮಂಡಳಿಯೊಂದಕ್ಕೆ ತೋರಿಸಿ ಪ್ರಮಾಣಪತ್ರವನ್ನು ಪಡೆಯಲೇಬೇಕು. ಒಂದೇ ಕಥೆಗೆ ಈ ಎರಡು ಬಗೆಯ ನ್ಯಾಯವೇಕೆ?

ಉತ್ತರವನ್ನು ಹುಡುಕುತ್ತ ಹೋದರೆ ಅದು ಕೊನೆಗೆ ಪ್ರೇಕ್ಷಕನ ಹತ್ತಿರ ಬಂದು ನಿಲ್ಲುತ್ತದೆ. ಪುಸ್ತಕವನ್ನು ಓದುವವನು ಅಕ್ಷರ ಬಲ್ಲವನು. ಚಿತ್ರವನ್ನು ನೋಡುವವನು ಅಕ್ಷರ ಬಲ್ಲವನೂ ಆಗಿರಬಹುದು, ಬಾರದವನೂ ಆಗಿರಬಹುದು. ಬಲ್ಲವನನ್ನು ನಂಬಬಹುದು, ಬಾರದವನನ್ನು ನಂಬಲಾಗದು ಎಂಬ ಶಂಕೆಯೇ ಚಿತ್ರಪರಿಶೀಲನೆಯ ಬೇರಿನಲ್ಲಿ ಅಡಗಿದೆ. ಈ ಶಂಕೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಆಂಗ್ಲರ ಕಾಲದ ಕತ್ತರಿ

ಭಾರತದಲ್ಲಿ ಸಿನೇಮಾ ಕಾಯ್ದೆಯು ಮೊದಲು ಬಂದುದು ೧೯೧೮ರಲ್ಲಿ. ೧೯೨೦ರಲ್ಲಿ ಮುಂಬಯಿ, ಕಲಕತ್ತಾ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಸ್ಥಾಪಿತವಾದವು. ಜನರು ಕಥೆಯ ಮರೆಯಲ್ಲಿ ರಾಜಕಾರಣವನ್ನು ಕಂಡುಕೊಳ್ಳುತ್ತಾರೆಂಬುದನ್ನು ಆಳುವವರು ಅದಕ್ಕೆ ಮೊದಲೇ ರಂಗಭೂಮಿಯಿಂದ ಕಲಿತಿದ್ದರು. ಖಾಡಿಲಕರರು ೧೯೦೭ರಲ್ಲಿ ಮರಾಠಿಯಲ್ಲಿ ‘ಕೀಚಕವಧ’ ನಾಟಕವನ್ನು ಬರೆದರು. ಕಥೆ ಮಹಾಭಾರತದ್ದು, ಆದರೆ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್ನನನ್ನೂ, ಪೀಡೆಗೊಳಗಾದ ಸೈರಂಧ್ರಿಯಲ್ಲಿ ಭಾರತಮಾತೆಯನ್ನೂ ಕಂಡರು. ೧೯೧೦ರಲ್ಲಿ ಮುಂಬಯಿ ಸರಕಾರವು ನಾಟಕವನ್ನು ನಿಷೇಧಿಸಿತು. ೧೯೨೧ರಲ್ಲಿ ‘ಭಕ್ತ ವಿದುರ’ವೆಂಬ ಮೂಕಚಿತ್ರಕ್ಕೂ ಇದೇ ಗತಿಯಾಯಿತು. ವಿದುರನ ಪಾತ್ರಧಾರಿಯು ಗಾಂಧೀಜಿಯವರಂತೆ ಉಡುಪು ತೊಟ್ಟಿದ್ದನು. ಮದರಾಸು ಮತ್ತು ಕರಾಚಿಗಳಲ್ಲಿ ಚಿತ್ರವನ್ನು ತಡೆಯಲಾಯಿತು. ಈ ಎರಡು ಪ್ರಸಂಗಗಳಲ್ಲಿ ಸರಕಾರವು ಹೆದರಿದುದು ಜನರ ಅಜ್ಞಾನಕ್ಕಲ್ಲ, ಅವರ ಜ್ಞಾನಕ್ಕೆ ಎಂಬುದನ್ನು ವಾಚಕರು ಗಮನಿಸಬೇಕು.

ಬೀಳಗಿಯ ಕಂಠ

ಮೂರನೆಯ ನಿದರ್ಶನವು ನಮ್ಮ ನೆಲಕ್ಕೇ ಸೇರಿದ್ದು. ನಮ್ಮ ಬೀಳಗಿಯಲ್ಲಿ ಹುಟ್ಟಿ, ನಾಟಕ ಕಂಪನಿಗಳಲ್ಲಿ ಬೆಳೆದು, ಮುಂಬಯಿಯ ಚಿತ್ರಜಗತ್ತಿನಲ್ಲಿ ಹೆಸರು ಪಡೆದ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಹೆಸರನ್ನು ಕೇಳದವರು ಈ ಭಾಗದಲ್ಲಿ ವಿರಳ. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಬರೆದು ಉಪಕರಿಸಿದ್ದಾರೆ. ೧೯೪೩ರಲ್ಲಿ ಬಾಂಬೆ ಟಾಕೀಜ್ ಸಂಸ್ಥೆಯ ‘ಕಿಸ್ಮತ್’ ಚಿತ್ರವು ತೆರೆ ಕಂಡಿತು. ಅದಕ್ಕೆ ಕೆಲವೇ ತಿಂಗಳು ಹಿಂದೆ, ೧೯೪೨ರ ಆಗಸ್ಟದಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿಯು ಆರಂಭವಾಗಿತ್ತು; ನಾಯಕರು ಸೆರೆಯಲ್ಲಿದ್ದರು. ಚಿತ್ರದಲ್ಲಿ ಒಂದು ಸಮೂಹಗೀತೆಯಿದೆ. ಕವಿ ಪ್ರದೀಪರು ಅದನ್ನು ರಚಿಸಿದರು, ಅನಿಲ್ ಬಿಸ್ವಾಸರು ರಾಗ ಸಂಯೋಜಿಸಿದರು, ಅಮೀರಬಾಯಿಯವರು ಸಂಗಡಿಗರೊಡನೆ ಹಾಡಿದರು. ಈ ದೇಶ ನಮ್ಮದು, ಪರರು ದೂರ ಸರಿಯಲಿ ಎಂಬುದೇ ಅದರ ತಾತ್ಪರ್ಯ.

ಮಹಾಯುದ್ಧದ ಮಧ್ಯದಲ್ಲಿ, ಕಟ್ಟುನಿಟ್ಟಾದ ಸೆನ್ಸಾರಿನ ಕೈಯಿಂದ ಇಂಥ ಹಾಡು ಪಾರಾದುದು ಹೇಗೆ? ಹಾಡಿನ ನಡುವೆ ಕವಿಯು ಜರ್ಮನರ ಮತ್ತು ಜಪಾನಿಯರ ಹೆಸರುಗಳನ್ನು ಸೇರಿಸಿದ್ದರು. ಸರಕಾರದ ಶತ್ರುಗಳ ವಿರುದ್ಧದ ಹಾಡು ಇದೆಂದು ಪರಿಶೀಲಕರು ಒಪ್ಪಿಗೆಯಿತ್ತರು. ಆದರೆ ಥಿಯೇಟರಿನ ನೆಲದ ಮೇಲೆ ಕುಳಿತ ಜನರಿಗೆ ಯಾರು ದೂರ ಸರಿಯಬೇಕೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಡನ್ನು ಮತ್ತೆ ಮತ್ತೆ ತೋರಿಸಬೇಕೆಂದು ಅವರು ಕೂಗಿ ಕೇಳುತ್ತಿದ್ದರೆಂದು ಅಂದಿನವರು ಹೇಳಿದ್ದಾರೆ. ಕಲಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಚಿತ್ರವು ಮೂರು ವರ್ಷಗಳಿಗೂ ಮಿಗಿಲಾಗಿ ಓಡಿತು. ಕೊನೆಗೆ ಸರಕಾರಕ್ಕೂ ಅರ್ಥವಾಯಿತು. ಬಂಧನವನ್ನು ತಪ್ಪಿಸಿಕೊಳ್ಳಲು ಪ್ರದೀಪರು ಭೂಗತರಾಗಬೇಕಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಹಾಡಿನ ಅಕ್ಷರಗಳನ್ನು ಓದಿ ತೀರ್ಪು ಕೊಟ್ಟವರು ವಿದ್ಯಾವಂತರು. ಅವರಿಗೆ ಅರ್ಥವು ಹೊಳೆಯಲಿಲ್ಲ. ಕಿವಿಯಿಂದ ಕೇಳಿದ ಜನಸಾಮಾನ್ಯರಲ್ಲಿ ಎಷ್ಟೋ ಮಂದಿ ಸಹಿ ಮಾಡಲು ಬಾರದವರು. ಅವರಿಗೆ ತಕ್ಷಣವೇ ಹೊಳೆಯಿತು.

‘ಸಂಸ್ಕಾರ’ದ ಪ್ರಕರಣ

ಆಂಗ್ಲರು ಹೋದರು, ಕತ್ತರಿಯು ಉಳಿಯಿತು. ೧೯೫೨ರ ಹೊಸ ಕಾಯ್ದೆಯು ಪ್ರದರ್ಶನಪೂರ್ವ ಪರಿಶೀಲನೆಯನ್ನು ಮುಂದುವರಿಸಿತು. ಕನ್ನಡಿಗರಿಗೆ ಇದರ ಬಿಸಿ ಚೆನ್ನಾಗಿ ತಟ್ಟಿದುದು ೧೯೭೦ರಲ್ಲಿ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯು ೧೯೬೫ರಲ್ಲಿ ಪ್ರಕಟವಾಗಿ ಚರ್ಚೆಗೆ ಗುರಿಯಾಗಿತ್ತು. ಅಗ್ರಹಾರದ ಆಚಾರಗಳನ್ನು ಧಿಕ್ಕರಿಸಿ ಬಾಳಿದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರವನ್ನು ಮಾಡುವವರು ಯಾರು ಎಂಬುದೇ ಅದರ ಪ್ರಶ್ನೆ. ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಿತ್ರವಾಗಿ ನಿರ್ದೇಶಿಸಿದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿಯೂ, ಪಿ. ಲಂಕೇಶರು ನಾರಣಪ್ಪನಾಗಿಯೂ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿಯೂ ಅಭಿನಯಿಸಿದರು.

ಒಂದು ಸಮಾಜದ ಭಾವನೆಗಳಿಗೆ ನೋವಾದೀತೆಂಬ ಭೀತಿಯಿಂದ ಮದರಾಸಿನ ಮಂಡಳಿಯು ಚಿತ್ರಕ್ಕೆ ಅನುಮತಿಯನ್ನು ನಿರಾಕರಿಸಿತು. ಯಾವ ಕಥೆಯನ್ನು ಐದು ವರ್ಷಗಳಿಂದ ಯಾರು ಬೇಕಾದರೂ ಕೊಂಡು ಓದಬಹುದಾಗಿತ್ತೋ ಅದನ್ನು ನೋಡುವುದು ಮಾತ್ರ ಅಪಾಯವೆನಿಸಿತು! ಮೇಲಿನವರೆಗೆ ಮನವಿ ಹೋದ ಮೇಲೆ ಚಿತ್ರವು ಬಿಡುಗಡೆಯಾಯಿತು. ಅಷ್ಟೇ ಅಲ್ಲ, ೧೯೭೦ನೆಯ ಸಾಲಿನ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಕನ್ನಡಕ್ಕೆ ಆ ಗೌರವವು ದೊರೆತುದು ಅದೇ ಮೊದಲು. ಒಂದು ಕೈ ತಡೆದುದನ್ನು ಇನ್ನೊಂದು ಕೈ ಸನ್ಮಾನಿಸಿದಂತಾಯಿತು. ಜನರು ಚಿತ್ರವನ್ನು ನೋಡಿದರು, ಮೆಚ್ಚಿದರು, ತೆಗಳಿದರು, ವಾದಿಸಿದರು. ಕನ್ನಡ ಚಿತ್ರರಂಗದ ಹೊಸ ಅಲೆಗೆ ಅದು ನಾಂದಿಯಾಯಿತು.

ಈ ಕಥೆಗೆ ಒಂದು ದುಃಖದ ಉತ್ತರಾರ್ಧವೂ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಸ್ತಮಾ ರೋಗದಿಂದ ನರಳುತ್ತಿದ್ದ ಅವರು ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಾಕ್‌ಸ್ವಾತಂತ್ರ್ಯವು ಹೋದಾಗ ಕತ್ತರಿಗೆ ಸಿಕ್ಕುವುದು ಕೇವಲ ಚಿತ್ರದ ಸುರುಳಿಯಲ್ಲ.

ನ್ಯಾಯಾಲಯದ ಮಾತು

ಅದೇ ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖ್ವಾಜಾ ಅಹಮದ್ ಅಬ್ಬಾಸರ ಮೊಕದ್ದಮೆಯಲ್ಲಿ ಮಹತ್ತ್ವದ ತೀರ್ಪನ್ನು ಕೊಟ್ಟಿತು. ಮಹಾನಗರಗಳ ಸಿರಿವಂತಿಕೆಯನ್ನೂ ಬಡತನವನ್ನೂ ಎದುರುಬದುರಾಗಿ ತೋರಿಸುವ ಅವರ ಸಾಕ್ಷ್ಯಚಿತ್ರವೊಂದರಿಂದ ಎದ್ದ ವಿವಾದವದು. ಚಲನಚಿತ್ರವು ಉಳಿದ ಕಲೆಗಳಿಗಿಂತ ಭಾವನೆಗಳನ್ನು ಹೆಚ್ಚು ಆಳವಾಗಿ ಕೆರಳಿಸಬಲ್ಲುದು, ಆದುದರಿಂದ ಪೂರ್ವಪರಿಶೀಲನೆಯು ಸಂವಿಧಾನಬಾಹಿರವಲ್ಲ ಎಂದು ನ್ಯಾಯಾಲಯವು ಹೇಳಿತು. ಜೊತೆಗೆ, ನಮ್ಮಲ್ಲಿ ಅತ್ಯಂತ ದುರ್ಬಲ ಮನಸ್ಸಿನವರನ್ನು ಅಳತೆಗೋಲಾಗಿಟ್ಟುಕೊಂಡು ಉಳಿದವರ ನೋಟವನ್ನು ನಿರ್ಧರಿಸಬಾರದೆಂಬ ಎಚ್ಚರಿಕೆಯನ್ನೂ ಕೊಟ್ಟಿತು. ೧೯೮೯ರಲ್ಲಿ ರಂಗರಾಜನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಸಾಮಾನ್ಯ ವಿವೇಕವುಳ್ಳ ಮನುಷ್ಯನ ದೃಷ್ಟಿಯಿಂದಲೇ ಚಿತ್ರವನ್ನು ಅಳೆಯಬೇಕೆಂದೂ, ಗಲಭೆಯ ಬೆದರಿಕೆಗೆ ಹೆದರಿ ಸರಕಾರವು ಸ್ವಾತಂತ್ರ್ಯವನ್ನು ಬಲಿಗೊಡಬಾರದೆಂದೂ ವಿಧಿಸಿತು. ಆದರೆ ಸಿನೇಮಾದ ಪ್ರೇಕ್ಷಕವರ್ಗವು ಸಾಮಾನ್ಯವಾಗಿ ಆರಿಸಿ ನೋಡುವಂಥದಲ್ಲ ಎಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ. ನ್ಯಾಯಾಲಯದ ಬಗ್ಗೆ ಪೂರ್ಣ ಗೌರವವನ್ನಿಟ್ಟುಕೊಂಡೇ ಈ ಒಂದು ಮಾತಿಗೆ ನನ್ನ ಅಸಮ್ಮತಿಯನ್ನು ತಿಳಿಸಬಯಸುತ್ತೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಅವ್ವ ಶಾಲೆಯ ಮುಖವನ್ನು ಕಂಡವಳಲ್ಲ. ಆದರೆ ಶ್ರೀಕೃಷ್ಣ ಪಾರಿಜಾತದ ಆಟವೆಂದರೆ ಬೆಳ್ಳಂಬೆಳಗಿನವರೆಗೆ ರೆಪ್ಪೆ ಮುಚ್ಚುವವಳಲ್ಲ. ಒಮ್ಮೆ ನಾನು, ಒಂದು ಹೂವಿನ ಸಲುವಾಗಿ ದೇವರ ಮನೆಯಲ್ಲಿ ಇಷ್ಟು ದೊಡ್ಡ ಜಗಳವೇಕೆಂದು ಕೇಳಿದೆ. “ಹೂವಂದ್ರ ಬರೇ ನೆಪಾ ಐತಿ. ಆಟ ಇರೂದು ಎರಡ ಹೆಂಡರ ಮನಿಯಾಗಿನ ಉರಿ ಮ್ಯಾಲ” ಎಂದು ಉತ್ತರ ಕೊಟ್ಟಳು. ವಾಚ್ಯಾರ್ಥದ ಹಿಂದೆ ಧ್ವನ್ಯರ್ಥವಿರುತ್ತದೆಂದು ನಾನು ಕಾವ್ಯಮೀಮಾಂಸೆಯ ಪಾಠದಲ್ಲಿ ಕಲಿತುದು ಆಮೇಲೆ. ಬಯಲಾಟ, ಸಣ್ಣಾಟ, ಪಾರಿಜಾತ, ಕಂಪನಿ ನಾಟಕಗಳನ್ನು ತಲೆಮಾರುಗಳಿಂದ ನೋಡುತ್ತ ಬಂದ ಈ ಜನಕ್ಕೆ ಕಥೆ ಯಾವುದು, ಬದುಕು ಯಾವುದು ಎಂಬ ವಿವೇಕವಿಲ್ಲವೆಂದು ಹೇಳುವುದು ಅನ್ಯಾಯ. ಅಕ್ಷರ ಬೇರೆ, ಅರಿವು ಬೇರೆ.

ಬೀದಿಯ ಸೆನ್ಸಾರ್

ಈಗ ಮಂಡಳಿಯಷ್ಟೇ ಅಲ್ಲ, ಬೀದಿಯೂ ಸೆನ್ಸಾರಿನ ಕೆಲಸವನ್ನು ಕೈಗೆತ್ತಿಕೊಂಡಿದೆ. ೨೦೨೫ರಲ್ಲಿ ನಟ ಕಮಲ ಹಾಸನರು ಕನ್ನಡದ ಹುಟ್ಟಿನ ಬಗ್ಗೆ ಆಡಿದ ಮಾತು ಕನ್ನಡಿಗರನ್ನು ನೋಯಿಸಿತು. ನನಗೂ ಆ ಮಾತು ಸರಿಯೆನಿಸಲಿಲ್ಲ. ಆದರೆ ಫಲವೇನಾಯಿತು? ಪ್ರಮಾಣಪತ್ರ ಪಡೆದಿದ್ದ ಅವರ ‘ಥಗ್ ಲೈಫ್’ ಚಿತ್ರವು ಕರ್ನಾಟಕದಲ್ಲಿ ಆಗ ತೆರೆ ಕಾಣಲಿಲ್ಲ. ಪ್ರಕರಣವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನಕ್ಕೆ ರಕ್ಷಣೆ ಕೊಡುವುದು ರಾಜ್ಯದ ಕರ್ತವ್ಯ, ಗುಂಪುಗಳ ಕೈಗೆ ಈ ಅಧಿಕಾರವನ್ನು ಒಪ್ಪಿಸಲಾಗದು ಎಂದು ನ್ಯಾಯಾಲಯವು ಜೂನ್ ತಿಂಗಳಲ್ಲಿ ಹೇಳಿತು. ನೊಂದವನು ನೋಡದಿರಬಹುದು, ಖಂಡಿಸಿ ಬರೆಯಬಹುದು, ಶಾಂತವಾಗಿ ಪ್ರತಿಭಟಿಸಬಹುದು. ಅವೂ ವಾಕ್‌ಸ್ವಾತಂತ್ರ್ಯದ ಅಂಗಗಳೇ. ಆದರೆ ನೆರೆಯವನೂ ನೋಡಬಾರದೆಂದು ಬಾಗಿಲು ಹಾಕುವುದು ಕನ್ನಡದ ಅಭಿಮಾನವಲ್ಲ. ‘ಸಂಸ್ಕಾರ’ಕ್ಕಾಗಿ ನ್ಯಾಯ ಕೇಳಿದ ನಾಡು ಇನ್ನೊಬ್ಬರಿಗೂ ಅದೇ ನ್ಯಾಯವನ್ನು ಕೊಡಬೇಕು.

ಹಾಗಾದರೆ ನಿರ್ಬಂಧವೇ ಬೇಡವೆ?

ಈ ಆಕ್ಷೇಪವು ಸಹಜ. ಎಳೆಯ ಮಕ್ಕಳಿಗೆ ಎಲ್ಲವನ್ನೂ ತೋರಿಸಲಾಗದು. ದ್ವೇಷವನ್ನು ಬಿತ್ತಿ ಕೈಗೆ ಕಲ್ಲು ಕೊಡುವ ಚಿತ್ರವು ಕಾನೂನಿನ ಕೈಯಿಂದ ಪಾರಾಗಬಾರದು. ಆದರೆ ವಯಸ್ಸಿಗೆ ತಕ್ಕಂತೆ ವರ್ಗೀಕರಿಸುವುದು ಬೇರೆ, ಕತ್ತರಿಸುವುದು ಬೇರೆ. ೧೯೮೩ರಲ್ಲಿಯೇ ಸೆನ್ಸಾರ್ ಮಂಡಳಿಯ ಹೆಸರು ‘ಪ್ರಮಾಣೀಕರಣ ಮಂಡಳಿ’ಯೆಂದು ಬದಲಾಗಿದೆ, ೨೦೨೩ರ ತಿದ್ದುಪಡಿಯು ೭, ೧೩, ೧೬ ವರ್ಷಗಳೆಂಬ ಹಂತಗಳನ್ನು ಮಾಡಿದೆ. ಇದು ಸ್ವಾಗತಾರ್ಹ. ಆದರೆ ೨೦೨೧ರಲ್ಲಿ ನಿರ್ಮಾಪಕರು ಸುಲಭವಾಗಿ ಮೊರೆಹೋಗಬಹುದಾಗಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು ರದ್ದುಗೊಳಿಸಲಾಯಿತು. ಈಗ ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಸಣ್ಣ ನಿರ್ಮಾಪಕನಿಗೆ ಅಷ್ಟು ಹಣವೂ ಕಾಲವೂ ಎಲ್ಲಿಯವು? ಇನ್ನು ಮೊಬೈಲಿನಲ್ಲಿ ಓಟಿಟಿ ಮೂಲಕ ಬರುವ ಕಥಾಮಾಲಿಕೆಗಳಿಗೆ ಈ ಮಂಡಳಿಯ ಪೂರ್ವಾನುಮತಿಯೇ ಬೇಕಿಲ್ಲ. ಅಂಗೈಯಲ್ಲಿ ನೋಡುವಾಗ ವಿವೇಕಿಯೆನಿಸಿದ ಮನುಷ್ಯನು ಟಿಕೀಟು ಕೊಂಡು ಥಿಯೇಟರಿನೊಳಗೆ ಕುಳಿತೊಡನೆ ಅವಿವೇಕಿಯಾಗುವನೆ?

ಸಹಪಾಠಿಗಳೇ, ನಾವು ಪದವೀಧರರಾಗಿ ನಾಳೆ ಯಾವುದಾದರೊಂದು ಕಚೇರಿಯಲ್ಲಿ, ಸಮಿತಿಯಲ್ಲಿ, ಶಾಲೆಯಲ್ಲಿ ಕುಳಿತುಕೊಳ್ಳುವವರು. ‘ಜನರಿಗೆ ಇದು ತಿಳಿಯಲಾರದು’ ಎಂದು ಹೇಳುವ ಅಧಿಕಾರವು ನಮ್ಮ ಕೈಗೂ ಬಂದೀತು. ಆಗ ‘ಜನ’ರೆಂದರೆ ನಮ್ಮನ್ನು ಓದಿಸಲೆಂದು ಹೊಲದಲ್ಲಿ, ಮಗ್ಗದ ಮುಂದೆ ದುಡಿದವರೇ ಎಂಬುದು ನೆನಪಿರಲಿ. ಅವರ ಬದಲು ನಾವು ನೋಡಿ ತೀರ್ಪು ಹೇಳುವುದಕ್ಕಿಂತ, ಅವರೊಡನೆ ಕುಳಿತು ನೋಡಿ ಅವರ ತೀರ್ಪನ್ನು ಕೇಳುವುದು ಲೇಸು.