ನೂಲಿನ ತೂಕ ಮತ್ತು ನಿಯಂತ್ರಣದ ನಕ್ಷೆ

ಲಾಲಬಾಗ, ಪರೇಲ ಭಾಗಗಳಲ್ಲಿ ಸಂಚರಿಸುವಾಗ ಗಗನಚುಂಬಿ ಕಟ್ಟಡಗಳ ನಡುವೆ ಅಲ್ಲಲ್ಲಿ ಹಳೆಯ ಹೊಗೆಗೊಳವೆಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಕಾವಸಜಿ ನಾನಾಭಾಯಿ ದಾವರರು ೧೮೫೪ರಲ್ಲಿ ಮುಂಬಯಿಯ ಮೊದಲ ನೂಲಿನ ಗಿರಣಿಗೆ ಕಂಪನಿಯನ್ನು ಕಟ್ಟಿದರು. ೧೯೮೨ರ ಮಹಾಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಬಾಗಿಲಿಕ್ಕಿದುವು. ನಮ್ಮಲ್ಲಿ ಕೆಲವರ ಅಜ್ಜಂದಿರು ಅಲ್ಲಿ ದುಡಿದವರು. ಅವರ ಕೈಯಲ್ಲಿ ಹರಿದ ನೂಲನ್ನೇ ಉದಾಹರಣೆಯಾಗಿಟ್ಟುಕೊಂಡು ಸಂಖ್ಯಾಶಾಸ್ತ್ರದ ಗುಣನಿಯಂತ್ರಣವೆಂದರೇನೆಂಬುದನ್ನು ನೋಡೋಣ.

ಒಂದು ಪೌಂಡು ನೂಲಿನಲ್ಲಿ ೮೪೦ ಗಜದ ಲಡಿಗಳು ಎಷ್ಟಿವೆಯೋ ಅದೇ ಆ ಹತ್ತಿನೂಲಿನ ನಂಬರು. ಇಪ್ಪತ್ತು ಲಡಿಗಳಿದ್ದರೆ ಇಪ್ಪತ್ತು ನಂಬರಿನ ನೂಲು. ನಂಬರು ಏರಿದಷ್ಟೂ ನೂಲು ಸಣ್ಣ. ಪರೀಕ್ಷೆಗೆ ಪೌಂಡುಗಟ್ಟಲೆ ನೂಲನ್ನು ಅಳೆಯಲಾದೀತೆ? ಆದುದರಿಂದ ಲಡಿಯ ಏಳನೆಯ ಒಂದು ಪಾಲನ್ನು, ಎಂದರೆ ೧೨೦ ಗಜವನ್ನು, ಸುತ್ತಿ ತೂಗುವರು. ಇದಕ್ಕೆ 'ಲೀ' ಎಂದು ಹೆಸರು. ಪೌಂಡಿಗೆ ೭,೦೦೦ ಗ್ರೇನುಗಳಾದ್ದರಿಂದ ಇಪ್ಪತ್ತು ನಂಬರಿನ ಒಂದು ಲೀ ೫೦ ಗ್ರೇನ್ ತೂಗಬೇಕು. ೭,೦೦೦ವನ್ನು ೧೪೦ರಿಂದ ಭಾಗಿಸಿ ನೋಡಿದರೆ ಇದು ತಿಳಿಯುತ್ತದೆ.

ತೂಗಿದಾಗ ಆಗುವುದೇ ಬೇರೆ. ಐದು ಲೀಗಳು ೪೯, ೫೧, ೫೦, ೫೨, ೪೮ ಗ್ರೇನ್ ಬಂದುವೆನ್ನೋಣ. ಸರಾಸರಿ ಸರಿಯಾಗಿ ೫೦. ಆದರೆ ದೊಡ್ಡದಕ್ಕೂ ಚಿಕ್ಕದಕ್ಕೂ ನಡುವಣ ಅಂತರ ೪. ಹತ್ತಿಯ ಎಳೆಗಳಲ್ಲಿ ಉದ್ದ ಗಿಡ್ಡ ಉಂಟು, ಗಾಳಿಯ ತೇವ ಗಂಟೆಗೊಂದು ಬಗೆ, ರೋಲರಿನ ಒತ್ತಡದಲ್ಲಿ ಕಾಣದಷ್ಟು ವ್ಯತ್ಯಾಸ. ಇಂಥ ನೂರಾರು ಸಣ್ಣ ಕಾರಣಗಳು ಕೂಡಿ ಈ ಏರಿಳಿತವನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಯಾವುದೊಂದನ್ನೂ ಬೆರಳಿಟ್ಟು ತೋರಿಸಲಾಗದು.

ಈಗ ಒಬ್ಬ ಜಾಬರನು ೫೨ ಗ್ರೇನಿನ ಲೀಯನ್ನು ಕಂಡೊಡನೆ 'ನೂಲು ದಪ್ಪವಾಯಿತು' ಎಂದು ಯಂತ್ರದ ಹಲ್ಲುಗಾಲಿಯನ್ನು ಬದಲಿಸಿದನೆಂದು ಭಾವಿಸೋಣ. ಮುಂದಿನ ಲೀ ತನ್ನಷ್ಟಕ್ಕೆ ಇಳಿಯುವುದಿದ್ದರೆ ಈಗ ಎರಡು ಪಟ್ಟು ಇಳಿಯುತ್ತದೆ. ಅದನ್ನು ಕಂಡು ಗಾಲಿಯನ್ನು ಮತ್ತೆ ಬದಲಿಸುತ್ತಾನೆ. ಪಾಪ, ಅವನ ಶ್ರದ್ಧೆಯೇ ನೂಲನ್ನು ಕೆಡಿಸುತ್ತದೆ! ಹಾಗೆಂದು ಕೈಕಟ್ಟಿ ಕುಳಿತರೆ, ನಿಜವಾಗಿ ಗಾಲಿ ಸವೆದಿದ್ದರೂ ತಿಳಿಯದು. ಯಾವಾಗ ಕೈಹಾಕಬೇಕು, ಯಾವಾಗ ಸುಮ್ಮನಿರಬೇಕು?

ಈ ಪ್ರಶ್ನೆಗೆ ಅಮೆರಿಕೆಯ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿದ್ದ ವಾಲ್ಟರ್ ಶೂಹಾರ್ಟರು ೧೯೨೪ರಲ್ಲಿ ಒಂದು ನಕ್ಷೆಯಿಂದ ಉತ್ತರವಿತ್ತರು. ನಡುವೆ ಸರಾಸರಿಯ ಗೆರೆ. ಮೇಲೆ ಕೆಳಗೆ ಒಂದೊಂದು ಮಿತಿಯ ಗೆರೆ. ಹೊತ್ತುಹೊತ್ತಿಗೆ ಐದೈದು ಲೀಗಳನ್ನು ತೂಗಿ ಅವುಗಳ ಸರಾಸರಿಯನ್ನು ಚುಕ್ಕೆಯಾಗಿ ಗುರುತಿಸುವುದು. ಇಂಥ ಹಲವು ಗುಂಪುಗಳನ್ನು ತೂಗಿದ ಮೇಲೆ ಅಂತರಗಳ ಸರಾಸರಿ ೪ ಎಂದು ಬಂದರೆ, ಐದರ ಗುಂಪಿಗೆ ಗೊತ್ತಾದ ೦.೫೮ ಎಂಬ ಅಂಕಿಯಿಂದ ಅದನ್ನು ಗುಣಿಸಬೇಕು. ಗುಣಲಬ್ಧ ಸುಮಾರು ೨.೩, ಮಿತಿಗಳು ೪೭.೭ ಮತ್ತು ೫೨.೩. ಯಂತ್ರವು ನೆಟ್ಟಗಿರುವವರೆಗೆ ಸಾವಿರ ಚುಕ್ಕೆಗಳಲ್ಲಿ ಸುಮಾರು ಮೂರು ಮಾತ್ರ ಈ ಗೆರೆಗಳನ್ನು ದಾಟಬಹುದು. ಆದುದರಿಂದ ಚುಕ್ಕೆಯು ಹೊರಗೆ ಬಿದ್ದರೆ, ಹುಡುಕತಕ್ಕ ಕಾರಣವೊಂದು ಇದೆಯೆಂದು ಬಗೆಯಬೇಕು. ಒಳಗಿದ್ದರೆ ಗಾಲಿಯನ್ನು ಮುಟ್ಟಬಾರದು.

ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಈ ಮಿತಿಗಳನ್ನು ಇಡುವವನು ಗಿರಾಕಿಯೂ ಅಲ್ಲ, ಮಾಲಿಕನೂ ಅಲ್ಲ. ಯಂತ್ರವೇ ತನ್ನ ಶಕ್ತಿಯೆಷ್ಟೆಂದು ಅವುಗಳ ಮೂಲಕ ತಿಳಿಸುತ್ತದೆ. ಚುಕ್ಕೆಗಳೆಲ್ಲ ಒಳಗೇ ಇದ್ದು ನೂಲು ಗಿರಾಕಿಗೆ ಒಪ್ಪದಿರುವುದೂ ಉಂಟು. ಆಗ ಬದಲಾಗಬೇಕಾದುದು ಹತ್ತಿ ಅಥವಾ ಯಂತ್ರ. ಕೆಲಸಗಾರನನ್ನು ಗದರಿಸಿ ಫಲವಿಲ್ಲ.

ಇದು ಬರಿಯ ಲೆಕ್ಕದ ಮಾತಲ್ಲ. ಮುಂಬಯಿಯ ಗಿರಣಿಗಳಲ್ಲಿ ಬಟ್ಟೆ ಕೆಟ್ಟರೆ ನೇಯುವವನ ಸಂಬಳಕ್ಕೆ ಕತ್ತರಿ ಬೀಳುತ್ತಿದ್ದ ಕಾಲವೊಂದಿತ್ತು. ಕೆಟ್ಟ ಬಟ್ಟೆಯನ್ನೇ ಅವನ ತಲೆಗೆ ಕಟ್ಟಿ ಬೆಲೆಯನ್ನು ಹಿಡಿದುಕೊಳ್ಳುವುದೂ ಇತ್ತು. ೧೯೩೬ರ ವೇತನ ಪಾವತಿಯ ಕಾನೂನು ದಂಡವನ್ನು ರೂಪಾಯಿಗೆ ಅರ್ಧ ಆಣೆಗೆ ಮಿತಗೊಳಿಸಿತು. ಆದರೆ ನೂಲು ತುಂಡಾದುದು ನೇಯುವವನ ಅಜಾಗರೂಕತೆಯಿಂದಲೋ, ನೂಲುವ ವಿಭಾಗದಿಂದ ಬಂದ ಏರುಪೇರಿನಿಂದಲೋ ಎಂಬುದನ್ನು ಕಾನೂನು ಹೇಗೆ ತಿಳಿದೀತು? ನಕ್ಷೆಯಾದರೋ ಅದಕ್ಕೆ ಸಾಕ್ಷಿ ನುಡಿಯಬಲ್ಲದು.

ಪ್ರೊಫೆಸರ್ ಮಹಲನವಿಸರ ಕರೆಯ ಮೇರೆಗೆ ಶೂಹಾರ್ಟರು ೧೯೪೭ರ ಕೊನೆಯಲ್ಲಿ ಭಾರತಕ್ಕೆ ಬಂದು ಕೆಲವು ತಿಂಗಳು ಈ ವಿದ್ಯೆಯನ್ನು ಪ್ರಚುರಪಡಿಸಿದರು. ೧೯೫೩ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಮುಂಬಯಿಯಲ್ಲಿ ಗುಣನಿಯಂತ್ರಣದ ಘಟಕವನ್ನು ತೆರೆಯಿತು. ಮರುವರ್ಷ ಮುಂಬಯಿಯ ಜವಳಿ ಸಂಶೋಧನ ಸಂಘವು ಸ್ಥಾಪನೆಯಾಯಿತು. ಅದರ ಪ್ರಯೋಗಾಲಯವು ಘಾಟಕೋಪರದಲ್ಲಿದೆ.

ನೂಲುವ ಯಂತ್ರ ನಮ್ಮ ಶಾಲೆಯಲ್ಲಿಲ್ಲ; ಸೀಮೆಸುಣ್ಣವುಂಟು, ಪ್ರಯೋಗಶಾಲೆಯಲ್ಲಿ ತಕ್ಕಡಿಯೂ ಉಂಟು. ಇಪ್ಪತ್ತು ಪೆಟ್ಟಿಗೆಗಳನ್ನು ಬಂದ ಸರದಿಯಲ್ಲಿಯೇ ಇಟ್ಟು, ಒಂದೊಂದರಿಂದ ಐದೈದು ಕಡ್ಡಿಗಳನ್ನು ತೂಗಿ, ಮೇಲಿನ ಕ್ರಮದಲ್ಲಿ ಗೆರೆಗಳನ್ನೆಳೆಯಬಹುದು. ಅಂತರಗಳ ಸರಾಸರಿಯನ್ನು ಮೊದಲು ಕಂಡುಹಿಡಿಯಲು ಮರೆಯಬಾರದು. ಮುರಿದ ಕಡ್ಡಿಗಳನ್ನು ತೂಗುವ ಲೆಕ್ಕಕ್ಕೆ ಹಿಡಿಯದೆ, ಪೆಟ್ಟಿಗೆಗೆ ಎಷ್ಟಿದ್ದುವೆಂದು ಪ್ರತ್ಯೇಕವಾಗಿ ಬರೆದಿಡಬೇಕು.